ಹತ್ತಕ್ಕೆ ಒಂಬತ್ತು, ಆಮೇಲೆ ಹತ್ತಕ್ಕೆ ಒಂದು

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ವಿದ್ಯಾರ್ಥಿನಿಯ ಒಪ್ಪಿಗೆ ಇದೆ. ಕರಡು ಓದಿ ಎರಡು ಕಡೆ ನನ್ನನ್ನೇ ತಿದ್ದಿದ್ದಾಳೆ.)

ಆಕೆ ಸ್ನಾತಕೋತ್ತರ ಎರಡನೇ ವರ್ಷದ ವಿದ್ಯಾರ್ಥಿನಿ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ನನ್ನ ಆಪ್ತಸಲಹೆಯ ಕೋಣೆಗೆ ಬಂದಿದ್ದಳು. ಪ್ರಬಂಧದ ವಿಷಯವೂ ಹದಿಹರೆಯದವರ ನಿದ್ದೆ ಮತ್ತು ಮೊಬೈಲ್ ಬಳಕೆ. ಅದನ್ನು ಹೇಳುವಾಗ ತನಗೆ ತಾನೇ ನಕ್ಕಳು.

ಮೊದಲ ಭೇಟಿಗೆ ಬರುವವರಿಂದ ಒಂದು ಪುಟ್ಟ ಫಾರ್ಮ್ ತುಂಬಿಸುವುದು ನನ್ನ ರೂಢಿ. ಓದು, ಬರವಣಿಗೆ, ಸಮಯಪಾಲನೆ, ಬೇಕಾದ ಮಾಹಿತಿಯನ್ನು ಹುಡುಕಿ ಬಳಸುವುದು: ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಕೊಟ್ಟುಕೊಳ್ಳುತ್ತೀಯ ಎಂಬ ಪ್ರಶ್ನೆ. ಕೊನೆಯದಕ್ಕೆ ಯೋಚಿಸದೆ 9 ಬರೆದಳು. “ಇದೊಂದರಲ್ಲಿ ತೊಂದರೆ ಇಲ್ಲ ಮೇಡಂ, ಐದನೇ ಕ್ಲಾಸಿನಿಂದ ಗೂಗಲ್ ಮಾಡ್ತಾ ಬಂದಿದ್ದೀನಿ.” ನಾನೂ ಅದನ್ನು ಹಾಗೇ ನಂಬಿ, ಸಮಯಪಾಲನೆಗೆ ಕೊಟ್ಟುಕೊಂಡಿದ್ದ 4ರ ಬೆನ್ನು ಹತ್ತಿದೆ. ಒಂದು ಗಂಟೆ ಪೂರ್ತಿ ವೇಳಾಪಟ್ಟಿ ಮಾಡುವುದರಲ್ಲೇ ಕಳೆಯಿತು. ಅದು ನನ್ನ ತಪ್ಪು.

ಮೂರು ವಾರ ಕಳೆದ ಮೇಲೆ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಳು. ಗೈಡ್ ಎರಡನೇ ಅಧ್ಯಾಯವನ್ನು ವಾಪಸ್ ಕೊಟ್ಟಿದ್ದರು. ಮೂರು ಉಲ್ಲೇಖಗಳ ಸುತ್ತ ಪೆನ್ಸಿಲಿನ ವೃತ್ತ, ಪಕ್ಕದಲ್ಲಿ “ಇದು ಎಲ್ಲಿದೆ?” ಎಂಬ ಒಂದೇ ಸಾಲು. ಎಲ್ಲೂ ಇರಲಿಲ್ಲ. ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರೂ ನಿಜ, ಆ ಶೀರ್ಷಿಕೆಯ ಲೇಖನವನ್ನು ಮಾತ್ರ ಯಾರೂ ಬರೆದಿರಲಿಲ್ಲ. ಒಂದಕ್ಕಂತೂ ಡಿಒಐ ಸಂಖ್ಯೆಯೂ (ಲೇಖನವನ್ನು ಅಂತರ್ಜಾಲದಲ್ಲಿ ಗುರುತಿಸುವ ಸಂಖ್ಯೆ) ಇತ್ತು. ತೆರೆದರೆ ಮೀನಿನ ಕಿವಿರುಗಳ ಬಗೆಗಿನ ಲೇಖನ. ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿಯಿಂದ ಎತ್ತಿ ಹಾಕಿದ್ದಳು.

“ನನಗೆ ಏನೂ ಬರಲ್ಲ ಮೇಡಂ. ಇಷ್ಟು ವರ್ಷ ಎಲ್ಲರಿಗೂ ಟೋಪಿ ಹಾಕಿದ್ದೀನಿ ಅನ್ನಿಸ್ತಿದೆ.”

ಅದೇ ಫಾರ್ಮನ್ನು ಮತ್ತೆ ಮುಂದಿಟ್ಟೆ. ಈ ಸಲ 1 ಬರೆದಳು.

ಮೂರು ವಾರದಲ್ಲಿ ಯಾರ ಕೌಶಲವೂ 9ರಿಂದ 1ಕ್ಕೆ ಕುಸಿಯುವುದಿಲ್ಲ. ಅಂದರೆ ಮೊದಲ ಸಲ ಆಕೆ ಬರೆದದ್ದು ಅಭ್ಯಾಸದ ಸಲುಗೆಯನ್ನು, ಎರಡನೇ ಸಲ ಬರೆದದ್ದು ಅವಮಾನವನ್ನು. ಹುಡುಕಾಟ ಎಷ್ಟು ಬರುತ್ತದೆ ಎಂಬುದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅದನ್ನು ತಿಳಿಯುವ ಮೊದಲು ಆಗಬೇಕಾದ ಕೆಲಸ ಇನ್ನೊಂದಿತ್ತು. ಎಂಟು ದಿನದಿಂದ ಆಕೆ ಗೈಡಿನ ಮೆಸೇಜಿಗೆ ಉತ್ತರಿಸಿರಲಿಲ್ಲ, ಕಾರಿಡಾರಿನಲ್ಲಿ ಅವರು ಎದುರಾದರೆ ದಾರಿ ಬದಲಿಸುತ್ತಿದ್ದಳು. ಅಲ್ಲೇ ಕೂತು ಪತ್ರ ಬರಿ ಎಂದೆ. ಪುಟ ತುಂಬ ಕ್ಷಮಾಪಣೆ ಬರೆದಳು. ಇಬ್ಬರೂ ಸೇರಿ ಅದನ್ನು ಮೂರು ವಾಕ್ಯಕ್ಕೆ ಇಳಿಸಿದೆವು: ಯಾವ ಮೂರು ಉಲ್ಲೇಖ, ಅವು ಎಲ್ಲಿಂದ ಬಂದವು, ಉಳಿದವನ್ನು ಯಾವ ದಿನದೊಳಗೆ ಪರಿಶೀಲಿಸುತ್ತೇನೆ. “ನಾನು ಅಯೋಗ್ಯಳು” ಎಂಬ ಸಾಲನ್ನು ಹೊಡೆದುಹಾಕಿಸಿದೆ. ಆ ಸಾಲನ್ನು ಇಟ್ಟುಕೊಂಡು ಗೈಡ್ ಮಾಡುವಂಥದ್ದು ಏನೂ ಇಲ್ಲ.

ಸಮಾಧಾನಕ್ಕೆಂದು ಒಂದು ವಿಷಯ ಹೇಳಿದೆ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತಿದ್ದರು. “ಅವರಿಗೂ ಹತ್ತಕ್ಕೆ ಒಂಬತ್ತು ಇತ್ತೇನೋ” ಅಂದಳು. ಆ ದಿನ ಮೊದಲ ಸಲ ನೆಟ್ಟಗೆ ಕೂತಳು.

ಮುಂದಿನ ಭೇಟಿಯಲ್ಲಿ ಅಂಕ ಕೇಳಲಿಲ್ಲ, ಲ್ಯಾಪ್‌ಟಾಪ್ ತೆರೆಸಿದೆ. “ಮೊಬೈಲು ಹದಿಹರೆಯದವರ ನಿದ್ದೆ ಕೆಡಿಸುತ್ತದೆಯೇ ಎಂಬುದಕ್ಕೆ ನೀನು ನಂಬುವ ಒಂದು ಆಕರ ಹುಡುಕು. ಏನು ಮಾಡ್ತಿದ್ದೀಯೋ ಅದನ್ನು ಬಾಯಿಬಿಟ್ಟು ಹೇಳ್ತಾ ಹೋಗು.” ಪ್ರಶ್ನೆಯನ್ನು ಇಡೀ ವಾಕ್ಯವಾಗಿ ಟೈಪ್ ಮಾಡಿದಳು. ಮೊದಲ ಫಲಿತಾಂಶ ತೆರೆದಳು. ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, “ಡಾಟ್ ಆರ್ಗ್ ಇದೆ, ಜಾಹೀರಾತು ಇಲ್ಲ, ಕೆಳಗೆ ರೆಫರೆನ್ಸ್ ಇವೆ. ಸಿಕ್ಕಿತು” ಎಂದಳು. ನಾಲ್ಕು ನಿಮಿಷವೂ ಆಗಿರಲಿಲ್ಲ.

ಆ “ಸಿಕ್ಕಿತು” ಎಂಬ ಮಾತಿನಲ್ಲೇ ನನಗೆ ಎಲ್ಲವೂ ಕಂಡಿತು. ಏನೋ ಒಂದು ಬೇಗ ಸಿಕ್ಕಿಬಿಡುವ ಸುಖವನ್ನೇ ಆಕೆ ಇಷ್ಟು ವರ್ಷ ಕೌಶಲ ಎಂದು ಎಣಿಸಿಕೊಂಡಿದ್ದಳು. ಇದು ಆಕೆಯೊಬ್ಬಳ ಗುಣವೂ ಅಲ್ಲ. ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಲವು ಪ್ರಶ್ನೆಗಳಿಗೆ ಅಂತರ್ಜಾಲದಲ್ಲಿ ವಿವರಣೆ ಹುಡುಕಿದವರು, ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಪ್ರಶ್ನೆಗಳನ್ನೂ ತಾವು ಚೆನ್ನಾಗಿ ವಿವರಿಸಬಲ್ಲೆವು ಎಂದುಕೊಂಡರು. ಹೊರಗಿನ ತಿಳಿವಳಿಕೆ ಒಳಗಿನದರ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ.

ಡಾಟ್ ಆರ್ಗ್ ಹೆಸರನ್ನು ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು ಎಂದಾಗ ಆಕೆ ನಂಬಲಿಲ್ಲ. ಅಲ್ಲೇ ಪರೀಕ್ಷಿಸಿ ನೋಡಿದಳು. ಬೇರೆ ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಇತರರು ಏನು ಬರೆದಿದ್ದಾರೆ ಎಂದು ಹುಡುಕಿಸಿದೆ. ಹಾಸಿಗೆ ಮಾರುವ ಕಂಪನಿಯ ದುಡ್ಡಿನಲ್ಲಿ ನಡೆಯುವ ತಾಣ! ಹೀಗೆ ಪುಟ ಬಿಟ್ಟು ಪಕ್ಕಕ್ಕೆ ಸರಿದು ಓದುವುದನ್ನು ಸ್ಟ್ಯಾನ್‌ಫರ್ಡಿನ ಸಂಶೋಧಕರು ಅಧ್ಯಯನ ಮಾಡಿದ್ದಾರೆ. 10 ಮಂದಿ ಫ್ಯಾಕ್ಟ್ ಚೆಕರುಗಳು, ಪಿಎಚ್‌ಡಿ ಪಡೆದ 10 ಇತಿಹಾಸಕಾರರು, 25 ಪದವಿ ವಿದ್ಯಾರ್ಥಿಗಳು. ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರಲ್ಲೂ ಹಲವರು ಅಚ್ಚುಕಟ್ಟಾದ ಪುಟವನ್ನು ಕಂಡು ಮೋಸಹೋದರು. ಫ್ಯಾಕ್ಟ್ ಚೆಕರುಗಳು ಮಾತ್ರ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಹೊರಗೆ ಹೋಗಿ ವಿಚಾರಿಸಿಕೊಂಡು ಬಂದರು. ಇದನ್ನು ಕೇಳಿದ ಮೇಲೆ ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಪಿಎಚ್‌ಡಿ ಆದವರೂ ಎಡವುತ್ತಾರೆ ಎನ್ನುವುದು ನನ್ನ ಯಾವ ಸಾಂತ್ವನಕ್ಕಿಂತಲೂ ಹೆಚ್ಚು ಕೆಲಸ ಮಾಡಿತು.

ಕಾಗದದಲ್ಲಿ ನಾಲ್ಕು ಮನೆ ಗೀಚಿದೆ. ‘ಮಾಹಿತಿ ಸಾಕ್ಷರತೆ’ ಎಂಬ ಮಾತನ್ನು ಪಾಲ್ ಝುರ್ಕೋವ್‌ಸ್ಕಿ ಮೊದಲು ಬಳಸಿದ್ದು 1974ರಲ್ಲಿ. ಅಮೆರಿಕನ್ ಗ್ರಂಥಾಲಯ ಸಂಘದ ಸಮಿತಿ 1989ರಲ್ಲಿ ಅದನ್ನು ಬಿಡಿಸಿ ಹೇಳಿತು: ಮಾಹಿತಿ ಬೇಕಾದದ್ದು ಯಾವಾಗ ಎಂದು ಗುರುತಿಸುವುದು, ಅದನ್ನು ಪತ್ತೆ ಮಾಡುವುದು, ತೂಗಿ ನೋಡುವುದು, ಸರಿಯಾಗಿ ಬಳಸುವುದು. ಆಕೆಯ 9 ಬಂದದ್ದು ಎರಡನೇ ಮನೆಯೊಂದರಿಂದ, ಅದರಲ್ಲೂ ಅರ್ಧದಿಂದ. ಮೊದಲ ಮನೆಯಲ್ಲಿ ಮಾತ್ರ ಆಕೆ ನಿಜಕ್ಕೂ ಗಟ್ಟಿಗಿತ್ತಿ. ಪ್ರಬಂಧದಲ್ಲಿ ಎಲ್ಲೆಲ್ಲಿ ಆಧಾರ ಬೇಕು ಎಂದು ಪಟ್ಟಿ ಮಾಡು ಅಂದರೆ ನನ್ನ ಕಣ್ಣಿಗೆ ಬೀಳದ ಎರಡು ಜಾಗವನ್ನೂ ಹಿಡಿದಳು. 1 ಎಂದು ಬರೆದ ದಿನವೂ ಈ ಶಕ್ತಿ ಆಕೆಯಲ್ಲಿ ಇತ್ತಲ್ಲ.

ಇಂಥ ಸಂದರ್ಭದಲ್ಲಿ ಕೆಲವು ಅಧ್ಯಾಪಕರು ಕ್ರೂಗರ್ ಮತ್ತು ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ವಿದ್ಯಾರ್ಥಿಯ ಮುಖಕ್ಕೆ ಹಿಡಿಯುತ್ತಾರೆ. ತರ್ಕ, ವ್ಯಾಕರಣದಂಥ ಪರೀಕ್ಷೆಗಳಲ್ಲಿ ತೀರಾ ಹಿಂದುಳಿದವರು ತಮ್ಮನ್ನು ಸರಾಸರಿಗಿಂತ ಮೇಲೆ ಎಣಿಸಿಕೊಂಡದ್ದು ಅದರಲ್ಲಿದೆ, ನಿಜ. ಮುಂದಿದ್ದವರು ತಮ್ಮ ಸ್ಥಾನವನ್ನು ಕಡಿಮೆಯಾಗಿ ಅಂದಾಜಿಸಿದ್ದೂ ಅದೇ ಅಧ್ಯಯನದಲ್ಲಿದೆ, ಆ ಅರ್ಧವನ್ನು ಯಾರೂ ಹೇಳುವುದಿಲ್ಲ. ಅಂಕಿಗಳ ಆಟವೇ ಈ ಚಿತ್ರವನ್ನು ಭಾಗಶಃ ಹುಟ್ಟಿಸುತ್ತದೆ ಎಂಬ ಟೀಕೆಯೂ ಬಂದಿದೆ. ನನ್ನ ಕೋಣೆಯಲ್ಲಿ ಆ ಅಧ್ಯಯನದ ಹೆಸರನ್ನು ನಾನು ಎತ್ತುವುದಿಲ್ಲ. ದಡ್ಡರಿಗೆ ತಾವು ದಡ್ಡರೆಂದು ಗೊತ್ತಿಲ್ಲ ಎಂದು ಕೇಳಿಸಿಕೊಂಡು ಯಾರೂ ಲೇಖನಗಳ ಡೇಟಾಬೇಸಿನಲ್ಲಿ ಹುಡುಕಲು ಕಲಿತದ್ದನ್ನು ಕಂಡಿಲ್ಲ. ಅದೇ ತಿಂಗಳು ಬಂದ ಇನ್ನೊಬ್ಬ ಹುಡುಗ ತನಗೆ 4 ಕೊಟ್ಟುಕೊಂಡಿದ್ದ. ಅವನು ಹುಡುಕುವುದನ್ನು ಕೂತು ನೋಡಿದೆ: ಪದಗಳನ್ನು ಮೂರು ಸಲ ಬದಲಿಸಿದ, ಸಿಕ್ಕ ಲೇಖನದ ಹಿಂದಿನ ಆಕರಗಳಿಗೂ ಅದನ್ನು ಆಮೇಲೆ ಉಲ್ಲೇಖಿಸಿದವುಗಳಿಗೂ ಹೋದ. ಇಷ್ಟು ಅನುಮಾನ ಪಡುತ್ತಿದ್ದುದರಿಂದಲೇ ತನಗೆ ಬರುವುದಿಲ್ಲ ಎಂದುಕೊಂಡಿದ್ದ. ಕ್ಯಾರಲ್ ಕೂಲ್ತೌ ಎಂಬ ಗ್ರಂಥಾಲಯ ವಿಜ್ಞಾನಿ ದಶಕಗಳ ಹಿಂದೆಯೇ ತೋರಿಸಿದಂತೆ, ಹುಡುಕಾಟದ ನಡುವೆ ಗೊಂದಲ ಹೆಚ್ಚಿ ಆತ್ಮವಿಶ್ವಾಸ ಕುಗ್ಗುವುದು ಆ ಕೆಲಸದ ಸಹಜ ಘಟ್ಟ.

ಆಕೆಗೆ ನಾನು ಕೊಟ್ಟ ಸಲಹೆಯಲ್ಲಿ ದೊಡ್ಡದೇನೂ ಇರಲಿಲ್ಲ. “ನನಗೆ ಎಷ್ಟು ಬರುತ್ತದೆ?” ಎಂದು ಕೇಳಿಕೊಳ್ಳುವುದನ್ನು ಸದ್ಯಕ್ಕೆ ಬಿಡು, “ಕಳೆದ ಸಲ ಏನು ಮಾಡಿದೆ?” ಎಂದು ಕೇಳಿಕೋ. ಅದಕ್ಕೊಂದು ನೋಟ್‌ಬುಕ್: ಯಾವ ಪದ ಹಾಕಿದೆ, ಎಲ್ಲಿ, ಎಷ್ಟು ಬಂತು, ಯಾವುದನ್ನು ಏಕೆ ಬಿಟ್ಟೆ. ಬಿಟ್ಟದ್ದರ ಕಾರಣ ಬರೆಯುವುದೇ ಕಷ್ಟ, ಅದನ್ನೇ ತಪ್ಪಿಸಬೇಡ ಎಂದೆ. ತಾನೇ ತೆರೆದು ಓದದ ಯಾವುದೂ ಉಲ್ಲೇಖಗಳ ಪಟ್ಟಿಗೆ ಹೋಗಬಾರದು.

“ಇನ್ನು ಮೇಲೆ ಎಐ ಮುಟ್ಟೋದೇ ಇಲ್ಲ” ಎಂದು ಶಪಥ ಮಾಡಲು ಹೊರಟಿದ್ದಳು. ಭಯದಲ್ಲಿ ಮಾಡಿದ ಶಪಥ ಸಲ್ಲಿಕೆಯ ಹಿಂದಿನ ರಾತ್ರಿ ಮುರಿಯುತ್ತದೆ. ಅದರ ಬದಲು, ನಿದ್ದೆ ಎನ್ನುವುದಕ್ಕೆ ಸಂಶೋಧಕರು ಬಳಸುವ ಬೇರೆ ಪದಗಳು ಯಾವುವು ಎಂದು ಅದನ್ನು ಕೇಳು, ಉಲ್ಲೇಖ ಮಾತ್ರ ಕೇಳಬೇಡ ಎಂದೆ. ‘ಸ್ಲೀಪ್’ ಒಂದನ್ನೇ ಹಾಕುತ್ತಿದ್ದವಳು ‘ಇನ್ಸೋಮ್ನಿಯಾ’, ‘ಸ್ಲೀಪ್ ಕ್ವಾಲಿಟಿ’ ಎಂಬವನ್ನೂ ನಡುವೆ ‘OR’ (ಅಥವಾ) ಹಾಕಿ ಜೋಡಿಸಿ, ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದನ್ನು ಕಲಿತದ್ದು ಲೈಬ್ರರಿಯನ್ ಹತ್ತಿರ.

ಅಲ್ಲಿಗೆ ಕಳಿಸುವುದೇ ಹರಸಾಹಸವಾಯಿತು. “ಇಷ್ಟೂ ಗೊತ್ತಿಲ್ವಾ ಅಂದುಕೊಳ್ತಾರೆ ಮೇಡಂ.” ಕಾನ್‌ಸ್ಟನ್ಸ್ ಮೆಲನ್ 1986ರಲ್ಲಿ ‘ಗ್ರಂಥಾಲಯದ ಅಂಜಿಕೆ’ ಎಂದು ಹೆಸರಿಟ್ಟದ್ದು ಇದಕ್ಕೇ. ಸಂಶೋಧನೆಗೆಂದು ಗ್ರಂಥಾಲಯಕ್ಕೆ ಹೋದ ಮೊದಲ ಅನುಭವವನ್ನು ಬರೆಯಿರಿ ಎಂದಾಗ ನೂರಕ್ಕೆ 75ರಿಂದ 85 ವಿದ್ಯಾರ್ಥಿಗಳು ಬರೆದದ್ದು ಭಯದ ಮಾತುಗಳನ್ನು. ಉಳಿದವರಿಗೆಲ್ಲ ಬರುತ್ತದೆ, ತನಗೊಬ್ಬಳಿಗೇ ಬರುವುದಿಲ್ಲ, ಕೇಳಿದರೆ ಅದು ಬಯಲಾಗುತ್ತದೆ ಎಂಬ ಲೆಕ್ಕ. ಹತ್ತಕ್ಕೆ ಒಂಬತ್ತು ಎಂದು ಹೇಳಿಕೊಂಡವರಿಗೆ ಕೇಳುವುದು ಇನ್ನೂ ಕಷ್ಟ. “ನನ್ನ ಹುಡುಕಾಟ ತೋರಿಸ್ತೀನಿ, ಎಲ್ಲಿ ತಪ್ಪುತ್ತೆ ನೋಡಿ” ಎಂಬ ಒಂದು ವಾಕ್ಯವನ್ನು ನನ್ನೆದುರೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದಳು. ಲೈಬ್ರರಿಯನ್ ಒಂದೂವರೆ ಗಂಟೆ ಕೂರಿಸಿಕೊಂಡರಂತೆ.

ನಿದ್ದೆ ಪೂರ್ತಿ ಸರಿಹೋಗಿಲ್ಲ. ಉಳಿದ 41 ಉಲ್ಲೇಖ ಪರಿಶೀಲಿಸಿದಾಗ ಇನ್ನೂ ಎರಡು ತಪ್ಪು ಸಿಕ್ಕವು. ಆ ರಾತ್ರಿ ಮತ್ತೆ ಅತ್ತಿದ್ದಾಳೆ. ಆದರೆ ಗೈಡಿಗೆ ಬೆಳಿಗ್ಗೆಯೇ ತಿಳಿಸಿದಳು.

ಐದನೇ ಭೇಟಿಯಲ್ಲಿ ಅಭ್ಯಾಸಬಲದಿಂದ ಅದೇ ಫಾರ್ಮ್ ಮುಂದಿಟ್ಟೆ. ಕೊನೆಯ ಪ್ರಶ್ನೆಯ ಮನೆಯಲ್ಲಿ ಅಂಕಿ ಇರಲಿಲ್ಲ. “ಯಾವ ಕೆಲಸಕ್ಕೆ?” ಎಂದು ಬರೆದು ವಾಪಸ್ ಕೊಟ್ಟಳು. ಈಗ ಆ ಫಾರ್ಮನ್ನೇ ಬದಲಿಸುತ್ತಿದ್ದೇನೆ.