ಅಪ್ಪ ಚಿಲಕ ಹಾಕಿ ಹೋದರು, ಏನೂ ಕೇಳಲಿಲ್ಲ

ತೀರಿಹೋದವರ ನೆನಪಿನ ಪುಸ್ತಕಕ್ಕೆ ನಾಲ್ಕು ಪುಟ ಬರೆದುಕೊಡು ಅಂತ ಮನೆಯವರೆಲ್ಲ ಸೇರಿ ಒಬ್ಬರ ತಲೆಗೆ ಕಟ್ಟುತ್ತಾರೆ. ಬರೆಯಲು ಕೂತವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಹೀಗೆ ಸಿಕ್ಕಿಕೊಂಡು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದವರು ಒಬ್ಬಿಬ್ಬರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುತ್ತಿರುವವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ನಲವತ್ತು ದಾಟಿದ ಹೆಣ್ಣುಮಗಳು. ತಂದೆ ನಿವೃತ್ತ ಎಂಜಿನಿಯರ್, ತೀರಿಕೊಂಡು ಎಂಟು ತಿಂಗಳಾಗಿತ್ತು. ಇವರ ಕೆಲಸ, ಊಟ, ನಿದ್ದೆ ಎಲ್ಲ ಹೆಚ್ಚುಕಮ್ಮಿ ಸರಿಯಾಗೇ ಇತ್ತು. ಅದೇ ಅವರ ಭಯ. "ನನಗೆ ಅಳುನೇ ಬರ್ತಿಲ್ಲ ಮೇಡಂ. ಐದು ಹಂತ ಅಂತಾರಲ್ಲ, ಅದರಲ್ಲಿ ನಾನು ಎಲ್ಲಿದ್ದೀನಿ?"

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು ಅನ್ನುವ ಈ ಐದು ಹಂತದ ಮಾತು ಎಷ್ಟು ಜನರನ್ನು ಸುಮ್ನೆ ಹೆದರಿಸಿದೆಯೋ! ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಹೇಳಿದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಉಳಿದುಕೊಂಡವರ ದುಃಖಕ್ಕೂ ಅದನ್ನೇ ಹಚ್ಚಿದ್ದು ಆಮೇಲೆ. ನನ್ನ ಅನುಭವಕ್ಕೆ ಹೆಚ್ಚು ಹತ್ತಿರ ಅನ್ನಿಸುವುದು ಶೋಕದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು: ಮನಸ್ಸು ಒಂದಿಷ್ಟು ಹೊತ್ತು ಹೋದವರ ಕಡೆ ವಾಲುತ್ತದೆ, ಇನ್ನೊಂದಿಷ್ಟು ಹೊತ್ತು ದಿನದ ಕೆಲಸದ ಕಡೆ. ಎರಡೂ ಬೇಕು. ಅಳು ಬರದಿದ್ದರೆ ಅದೇನು ಕಾಯಿಲೆ ಅಲ್ಲ. ಹಾಗಂತ ದುಃಖ ಕಾಯಿಲೆಯಾಗುವುದೇ ಇಲ್ಲ ಅಂತಲೂ ಅಲ್ಲ. ಕನಿಷ್ಠ 6 ತಿಂಗಳು ಕಳೆದರೂ ತೀವ್ರ ಹಂಬಲ ಬಿಡದೆ, ದಿನದ ಬದುಕೇ ನಿಂತುಹೋದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಅದನ್ನು ದೀರ್ಘಕಾಲದ ಶೋಕ ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿಯಲ್ಲಿ ವಯಸ್ಕರಿಗೆ ಆ ಗಡುವು 12 ತಿಂಗಳು. ಬರೀ ಕ್ಯಾಲೆಂಡರ್ ನೋಡಿ ಹೇಳುವಂಥದ್ದಲ್ಲ ಇದು. ಇವರಿಗೆ ಅಂಥದ್ದೇನೂ ಇರಲಿಲ್ಲ.

ಅಪ್ಪನ ನೆನಪಿನ ಪುಸ್ತಕಕ್ಕೆಂದು ಅವರು ಬರೆದದ್ದನ್ನು ಓದಿ ಅಂದೆ. ಎಲ್ಲೆಲ್ಲಿ ಸೇತುವೆ ಕಟ್ಟಿಸಿದರು, ಯಾವಾಗ ಬಡ್ತಿ ಸಿಕ್ಕಿತು, ಎಷ್ಟು ಶಿಸ್ತು, ಎಷ್ಟು ಪ್ರಾಮಾಣಿಕ, ಸಂಸಾರವೆಂದರೆ ಪ್ರಾಣ. ಓದುತ್ತಾ ಹೋದ ಹಾಗೆ ಅವರ ದನಿ ಸುದ್ದಿ ಓದುವವರ ದನಿಯಾಯಿತು. ಮುಗಿಸಿ, "ಇದರಲ್ಲಿ ಸುಳ್ಳು ಒಂದೂ ಇಲ್ಲ, ಆದರೆ ಇವರು ಯಾರೋ ಗೊತ್ತಿಲ್ಲ" ಅಂದರು.

ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟುಹೋದರೆ ಅಪ್ಪ ಏನು ಮಾಡ್ತಿದ್ದರು ಅಂತ ಕೇಳಿದೆ. ಎಂಜಿನಿಯರ್ ಆಗಿದ್ದವರಲ್ವಾ, ಅಲ್ಲಿಂದ ಶುರು ಮಾಡೋಣ ಅನ್ನಿಸಿತ್ತು ಅಷ್ಟೇ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಮದುವೆಯಾದ ಮೂರನೇ ವರ್ಷ, ಗಂಡನ ಜೊತೆ ಜಗಳ ಜೋರಾಗಿದ್ದ ಕಾಲ. ಅಮ್ಮನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿಕೊಂಡಿದ್ದರು. ಮಾರನೆ ದಿನ ಅಪ್ಪ ಒಬ್ಬರೇ ಬಂದರು, ಕೈಯಲ್ಲಿ ಸಲಕರಣೆಯ ಚೀಲ. ಸೋರುತ್ತಿದ್ದ ನಲ್ಲಿಗೆ ವಾಷರ್ ಹಾಕಿದರು. ಮಲಗುವ ಕೋಣೆಯ ಬಾಗಿಲಿಗೆ ಹೊಸ ಚಿಲಕ ಹಾಕಿದರು. ಹೋಗಿಬರ್ತೀನಿ ಅಂತ ಹೊರಟೇಬಿಟ್ಟರು. ಹೇಗಿದ್ದೀಯಾ ಅಂತ ಒಂದು ಮಾತು ಕೇಳಲಿಲ್ಲ.

"ಆ ಸಿಟ್ಟು ನನಗೆ ಇವತ್ತಿಗೂ ಇದೆ" ಅಂದರು. ಆಮೇಲೆ ಬ್ಯಾಗಿನಿಂದ ಅಪ್ಪನ ಹಳೇ ರಿಪೇರಿ ಲೆಕ್ಕದ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಆ ದಿನದ ತಾರೀಕು, ಕೆಳಗೆ ದಪ್ಪ ಅಕ್ಷರದಲ್ಲಿ: ನಲ್ಲಿ ವಾಷರ್ 1. ಚಿಲಕ 6 ಇಂಚು, ಸ್ಕ್ರೂ 8. ಪಕ್ಕದಲ್ಲಿ, "ಒಳಗಡೆಯಿಂದ". ಆ ಪದದ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು.

ಅವರು ಆಗ ಅತ್ತರು.

ಇಲ್ಲಿ ನನಗೊಂದು ಸುಲಭದ ದಾರಿ ಇತ್ತು. ನೋಡಿದಿರಾ, ಅದೇ ಅಪ್ಪನ ಪ್ರೀತಿ, ಅವರಿಗೆ ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ ಅಷ್ಟೇ, ಅಂದುಬಿಡಬಹುದಿತ್ತು. ಅವರೂ ತಲೆ ಆಡಿಸಿ ಹೋಗುತ್ತಿದ್ದರು. ನಾನು ಹಾಗನ್ನಲಿಲ್ಲ. ಚಿಲಕ ಹಾಕಿದ್ದು ಪ್ರೀತಿ ಹೌದು. ಆದರೆ ಮಗಳು ಹೆದರಿಕೊಂಡಿದ್ದಾಳೆ ಅಂತ ಅಳತೆ ಸಮೇತ ಗೊತ್ತಿದ್ದೂ ಅವಳನ್ನು ಕೂರಿಸಿಕೊಂಡು ಕೇಳದೇ ಹೋದದ್ದೂ ಅದೇ ಮನುಷ್ಯ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಿದರೆ ಸಿಟ್ಟು ಹೋಗುವುದಿಲ್ಲ, ಸಿಟ್ಟು ಇದೆ ಅಂತ ಹೇಳಿಕೊಳ್ಳಲು ನಾಚಿಕೆ ಬರುತ್ತದೆ. ಇಂಥವರಿಗೆ ಅಳು ಬರದಿರುವುದು ಪ್ರೀತಿ ಕಮ್ಮಿಯಾಗಿ ಅಲ್ಲ. ಬಾಗಿಲಲ್ಲಿ ಆ ಸಿಟ್ಟು ನಿಂತಿರುತ್ತದೆ, ಹೊಗಳಿಕೆ ಜಾಸ್ತಿಯಾದಷ್ಟೂ ಅದಕ್ಕೆ ಅಲ್ಲಿಂದ ಸರಿಯಲು ಜಾಗ ಸಿಗುವುದಿಲ್ಲ.

ಕೊಟ್ಟ ಸಲಹೆ ಇಷ್ಟು. ನಾಲ್ಕು ಪುಟ ಪಕ್ಕಕ್ಕಿಡಿ. ಈ ಒಂದು ದಿನವನ್ನು ಬರೆಯಿರಿ, ನಡೆದ ಹಾಗೇ. ಚಿಲಕ ಬರಲಿ, ಕೇಳದೇ ಹೋದದ್ದೂ ಬರಲಿ. 'ಆದರೂ ಅಪ್ಪ ಒಳ್ಳೆಯವರು' ಅನ್ನುವ ಸಾಲು ಮಾತ್ರ ಕೊನೆಗೆ ಸೇರಿಸಬೇಡಿ, ಅದು ಓದುವವರಿಗೆ ತಾನಾಗೇ ತಿಳಿಯುತ್ತದೆ. ಯಾರಿಗೆ ತೋರಿಸಬೇಕು ಅನ್ನುವುದು ಆಮೇಲಿನ ಮಾತು. ಆ ಲೆಕ್ಕದ ಪುಸ್ತಕ ನಿಮ್ಮ ಹತ್ತಿರವೇ ಇರಲಿ. ಹೋದವರನ್ನು ಬಿಟ್ಟುಬಿಡಬೇಕು, ಅವರ ವಸ್ತುಗಳನ್ನು ಖಾಲಿ ಮಾಡಬೇಕು ಅನ್ನುವ ಹಳೇ ಉಪದೇಶವನ್ನು 1996ರಿಂದೀಚೆಗಾದರೂ ನಮ್ಮ ಕ್ಷೇತ್ರ ಅಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ. ಆ ವರ್ಷ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಸಂಶೋಧಕರು ಸೇರಿ, ಸತ್ತವರ ಜೊತೆಗಿನ ನಂಟು ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ ಅಂತ ವಾದಿಸಿದರು.

ಕೆಲವು ದಿನ ಬಿಟ್ಟು ಅವರ ಅಣ್ಣ ನನಗೆ ಫೋನ್ ಮಾಡಿದರು. "ಸತ್ತವರ ಮೇಲೆ ದೂರು ಹೇಳೋದನ್ನ ಕಲಿಸ್ತೀರಾ ನೀವು?" ನಿಮ್ಮ ತಂಗಿಯ ವಿಷಯ ನಿಮ್ಮ ಹತ್ತಿರ ಮಾತಾಡುವ ಹಾಗಿಲ್ಲ ಅಂದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ: ಅದು ದೂರಲ್ಲ. ಸಂಸಾರಕ್ಕಾಗಿ ಜೀವ ತೇಯ್ದವರು ಅಂತ ಎಲ್ಲರಿಗೂ ಒಂದೇ ಸಾಲು ಬರೆಯುತ್ತೇವೆ. ಸ್ಕೇಲ್ ಇಟ್ಟು ಗೆರೆ ಎಳೆದ ಮನುಷ್ಯ ಆ ಸಾಲಿನಲ್ಲಿ ಎಲ್ಲಿದ್ದಾರೆ?

ಅಚ್ಚಾದ ಪುಸ್ತಕದಲ್ಲಿ ಆ ದಿನ ಇಲ್ಲ, ಅಣ್ಣ ತೆಗೆಸಿದರು. ಇವರು ಜಗಳಕ್ಕೆ ಹೋಗಲಿಲ್ಲ. ಆ ದಿನವನ್ನು ಬರೆದಿದ್ದ ತಮ್ಮ ಪ್ರತಿಯನ್ನು ಮಗಳಿಗೆ ಓದಲು ಕೊಟ್ಟರಂತೆ. ಅವಳು ಓದಿ, "ಅಜ್ಜ ಯಾಕೆ ಕೇಳಲಿಲ್ಲ?" ಅಂದಳಂತೆ. ಏನು ಹೇಳಲಿ ಮೇಡಂ ಅಂತ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂತಲೇ ಹೇಳಿ ಅಂದೆ, ಆಮೇಲೆ ನೀವು ಅವಳನ್ನು ಹೇಗಿದ್ದೀಯಾ ಅಂತ ಕೇಳಿ.