ಕಣ್ಣು ಓದ್ತಿರುತ್ತೆ, ಮನಸ್ಸು ಎಲ್ಲೋ ಇರುತ್ತೆ: ಓದುಗರೊಬ್ಬರ ಪತ್ರಕ್ಕೆ ಉತ್ತರ

ಚಿತ್ರದುರ್ಗ ಜಿಲ್ಲೆಯಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಪಿಡಿಒ, ಅಂದ್ರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಪರೀಕ್ಷೆಗೆ ಓದ್ತಿದ್ದಾರೆ. ರಾತ್ರಿ ಹನ್ನೆರಡಕ್ಕೆ ಮಲಗಿ ಬೆಳಗಿನ ಜಾವ ನಾಲ್ಕಕ್ಕೆ ಏಳ್ತಾರೆ, ಸಂವಿಧಾನದ ಪಂಚಾಯತಿ ಭಾಗ, ಅಂದ್ರೆ 243ನೇ ವಿಧಿಯಿಂದ 243-ಓ ತನಕ, ಒಂದೇ ಕೂತಲ್ಲಿ ಮುಗಿಸ್ತಾರೆ, ಪುಸ್ತಕ ಮುಚ್ಚಿದ್ರೆ ಒಂದೂ ನೆನಪಿರಲ್ಲ. ಮೊಬೈಲ್ ಬೀರುವಲ್ಲಿಟ್ಟು ಬೀಗ ಹಾಕಿದ್ರೂ ಅಷ್ಟೇ. "ಕಣ್ಣು ಓದ್ತಾ ಇರುತ್ತೆ ಸರ್, ನಾನು ಮಾತ್ರ ಅಲ್ಲಿರಲ್ಲ" ಅಂತ ಬರೆದಿದ್ದಾರೆ. ಅಪ್ಪ ಮನಸ್ಸು ಗಟ್ಟಿ ಇಲ್ಲ ಅಂತಾರಂತೆ, ರೀಲ್ಸ್ ನೋಡಿದ್ರೆ ಇದು ಗಮನ ನಿಲ್ಲಿಸೋಕಾಗದ ತೊಂದರೆ, ಅಂದ್ರೆ ಎಡಿಎಚ್‌ಡಿ ಅಂತಾರಂತೆ. ನನ್ನ ತಲೆಯಲ್ಲೇ ದೋಷ ಇದ್ಯಾ ಅನ್ನೋದು ಅವರ ಪ್ರಶ್ನೆ. ಕೊನೆಯಲ್ಲಿ ಇನ್ನೊಂದು: ರೊಟ್ಟಿ ತಟ್ಟುವಾಗಲೂ ಮನಸ್ಸು ಊರೆಲ್ಲಾ ಸುತ್ತುತ್ತೆ, ಅದೂ ತಪ್ಪಾ?

ತಂಗಿ, ಮೊದಲು ದೋಷದ ಮಾತು ಮುಗಿಸೋಣ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಅನ್ನೋ ಮನೋವಿಜ್ಞಾನಿಗಳು 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಲ್ಲಿ ಒಂದು ಪ್ರಶ್ನೆ ಕಳಿಸ್ತಿದ್ರು, ಈಗ ಏನು ಮಾಡ್ತಿದೀರ, ಮನಸ್ಸು ಅದರ ಮೇಲೇ ಇದ್ಯಾ ಅಂತ. ಹೆಚ್ಚುಕಮ್ಮಿ 47% ಸಲ ಬಂದ ಉತ್ತರ ಇಲ್ಲ ಅಂತ. ಎಚ್ಚರ ಇರೋ ಹೊತ್ತಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ಜನರ ಮನಸ್ಸು ಮಾಡ್ತಿರೋ ಕೆಲಸದಲ್ಲಿ ಇರೋದೇ ಇಲ್ಲ! ಅವರೆಲ್ಲ ಸೋಮಾರಿಗಳಲ್ಲ, ನಮ್ಮ ನಿಮ್ಮ ಥರದವರೇ.

ಇನ್ನು ಅಪ್ಪ ಹೇಳಿದ "ಗಟ್ಟಿ ಮನಸ್ಸು". ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳಲ್ಲಿ ರೇಡಾರ್ ಪರದೆ ನೋಡ್ತಾ ಕೂತು ಶತ್ರು ಜಲಾಂತರ್ಗಾಮಿ ಹುಡುಕ್ತಿದ್ದ ಹುಡುಗರಿದ್ರು, ತಪ್ಪಿಸ್ಕೊಂಡ್ರೆ ಜನ ಸಾಯ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದ್ರೂ ಹೊತ್ತು ಹೋಗ್ತಾ ಹೋಗ್ತಾ ಕಣ್ಣೆದುರಿಗಿದ್ದ ಚುಕ್ಕಿನೇ ಕಾಣ್ತಿರಲಿಲ್ಲ. ನಾರ್ಮನ್ ಮ್ಯಾಕ್‌ವರ್ತ್ ಅನ್ನೋರು ಇದನ್ನ ಪರೀಕ್ಷೆ ಮಾಡೋಕೆ ಅಂತಾನೇ ಒಂದು ಗಡಿಯಾರ ಮಾಡಿದ್ರು, ಮುಳ್ಳು ಒಂದೊಂದೇ ಹೆಜ್ಜೆ ಹೋಗುತ್ತೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತೆ, ಹಾರಿದಾಗ ಹೇಳ್ಬೇಕು, ಅಷ್ಟೇ ಕೆಲಸ, ಎರಡು ಗಂಟೆ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಮೊದಲ ಅರ್ಧ ಗಂಟೆ ಕಳೆಯೋದ್ರೊಳಗೇ ಜನ ತಪ್ಪೋಕೆ ಶುರು ಮಾಡಿದ್ರು. ಪ್ರಾಣದ ಪ್ರಶ್ನೆ ಇದ್ದಾಗಲೇ ಹಿಂಗಾದ್ರೆ 243-ಎಚ್ ಓದೋವಾಗ ಮನಸ್ಸು ಜಾರೋದ್ರಲ್ಲಿ ಯಾವ ಆಶ್ಚರ್ಯ? ಅಪ್ಪನಿಗೆ ಇದನ್ನ ಓದಿ ಹೇಳಿ, ಅವರ ಮೇಲೆ ಸಿಟ್ಟು ಮಾಡ್ಕೋಬೇಡಿ, ಅವರಿಗೂ ನಿಮ್ಮ ಬಗ್ಗೆ ಆತಂಕ ಇದೆ ಅನ್ನೋದು ನಿಮ್ಮ ಪತ್ರದಲ್ಲೇ ಕಾಣುತ್ತೆ.

ನಿಮ್ಮ "ಕಣ್ಣು ಓದ್ತಾ ಇರುತ್ತೆ" ಅನ್ನೋ ಮಾತು ಅಕ್ಷರಶಃ ನಿಜ, ಅದನ್ನ ಅಳತೆ ಮಾಡಿಯೂ ನೋಡಿದ್ದಾರೆ. ನಾವು ಮನಸ್ಸಿಟ್ಟು ಓದುವಾಗ ಕಣ್ಣು ಸಲೀಸಾದ ಪದದ ಮೇಲೆ ಬೇಗ ಜಾರುತ್ತೆ, ಅಪರೂಪದ ಪದ ಬಂದ್ರೆ ಸ್ವಲ್ಪ ಜಾಸ್ತಿ ನಿಲ್ಲುತ್ತೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಿಕ್ ರೈಕ್ಲ್ ಮತ್ತವರ ಜೊತೆಯವರು ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಇಡೀ ಕಾದಂಬರಿ ಓದಿಸಿ ಕಣ್ಣಿನ ಚಲನೆ ದಾಖಲಿಸಿದ್ರು. ಮನಸ್ಸು ಎಲ್ಲೋ ಹೋದಾಗ ಕಣ್ಣೇನೋ ಸಾಲು ದಾಟ್ತಾನೇ ಇತ್ತು, ಆದರೆ ಸುಲಭದ ಪದ, ಕಷ್ಟದ ಪದ ಅನ್ನೋ ಆ ವ್ಯತ್ಯಾಸ ಮಸುಕಾಗ್ತಿತ್ತು. ನಾಲ್ಕೇ ಜನ, ಅದರ ಮೇಲೆ ತುಂಬಾ ಕಟ್ಟೋದು ಬೇಡ, ಆದರೆ ನೀವು ಹೇಳ್ತಿರೋದೂ ಅದನ್ನೇ.

ಇನ್ನೂ ಮುಖ್ಯವಾದ್ದು ಇದು. ಇದೇ ಗುಂಪಿನ ಜೊನಾಥನ್ ಸ್ಕೂಲರ್ 2004ರಷ್ಟು ಹಿಂದೆಯೇ ಓದುಗರಿಗೆ, ಮನಸ್ಸು ತಪ್ಪಿದ್ದು ಗೊತ್ತಾದ ತಕ್ಷಣ ಬಟನ್ ಒತ್ತಿ ಅಂದಿದ್ರು. ಒತ್ತಿದ್ರು ಪಾಪ. ಆದರೆ ಮಧ್ಯೆ ಮಧ್ಯೆ ಇದ್ದಕ್ಕಿದ್ದ ಹಾಗೆ ನಿಲ್ಸಿ ಕೇಳಿದಾಗ, ತಪ್ಪಿಹೋಗಿದ್ರೂ ಇನ್ನೂ ಗೊತ್ತೇ ಆಗದೆ ಇದ್ದವರು ಸಿಕ್ಕಿದ್ರು, ತಪ್ಪಿದ ತಕ್ಷಣ ಹಿಡೀರಿ ಅಂತ ಹೇಳಿ ಕೂರಿಸಿದ್ರೂ! ನಾನು ಹೇಳೋಕೆ ಹೊರಟಿರೋದು ಇದನ್ನೇ. ಮನಸ್ಸು ಹೋಗೋದು ನಿಮ್ಮ ಕಷ್ಟ ಅಲ್ಲ, ಅದು ಹೋಗಿದ್ದು ಹತ್ತು ಪುಟ ಆದ್ಮೇಲೆ ಗೊತ್ತಾಗೋದು ಕಷ್ಟ. ಹತ್ತು ಪುಟದ ಬದಲು ಹತ್ತು ಸಾಲಿಗೆ ಗೊತ್ತಾಗೋ ಹಾಗೆ ಮಾಡ್ಕೋಬೇಕು, ಮತ್ತೆ ಇದನ್ನ ಮನಸ್ಸಿನ ಬಲದಿಂದ ಮಾಡೋಕಾಗಲ್ಲ, ಹೊರಗಿಂದ ಏನಾದ್ರೂ ಬಂದು ನಮ್ಮನ್ನ ತಡೀಬೇಕು.

ನಮ್ಮ ಕಸುಬನ್ನೇ ತಗೊಳ್ಳಿ. ಅಚ್ಚುಮೊಳೆ ಜೋಡಿಸೋ ಕಾಲದ ಪ್ರೆಸ್‌ಗಳಲ್ಲಿ ಪ್ರೂಫ್ ನೋಡೋಕೆ ಇಬ್ಬರು ಕೂರ್ತಿದ್ರು. ಒಬ್ಬರ ಕೈಯಲ್ಲಿ ಹಸ್ತಪ್ರತಿ, ಅವರು ಅದನ್ನ ಕಾಮಾ, ಫುಲ್‌ಸ್ಟಾಪ್, ಹೊಸ ಪ್ಯಾರಾ ಸಮೇತ ಬಾಯಿಬಿಟ್ಟು ಓದ್ತಾ ಹೋಗ್ಬೇಕು, ಇನ್ನೊಬ್ಬರು ಗ್ಯಾಲಿ ಪ್ರೂಫಿನ (ತಿದ್ದೋಕೆ ಅಂತ ಮೊದಲು ತೆಗೆದ ಅಚ್ಚಿನ ಹಾಳೆ) ಮೇಲೆ ಪೆನ್ನಿನ ತುದಿ ಇಟ್ಕೊಂಡು ಒಂದೊಂದೇ ಪದ ಸರಿ ನೋಡ್ತಾ ಬರ್ಬೇಕು, ತಪ್ಪು ಕಂಡ್ರೆ "ನಿಲ್ಸಿ" ಅಂತ ಅಂದು ಅಂಚಲ್ಲಿ ಗುರುತು ಹಾಕ್ಬೇಕು. ಒಬ್ಬರ ಮನಸ್ಸು ಜಾರಿದ್ರೆ ಇನ್ನೊಬ್ಬರ ದನಿ ಮುಂದೆ ಹೋಗಿರುತ್ತೆ, ಪೆನ್ನು ಹಿಂದೆ ಉಳಿದಿರುತ್ತೆ, ಅಲ್ಲೇ ಗೊತ್ತಾಗಿಬಿಡುತ್ತೆ. ರೈಲಿನಲ್ಲೂ ಹಿಂಗೇ, ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್ ಸಿಗ್ನಲ್ ಕಂಡಾಗ ಸುಮ್ನೆ ನೋಡಲ್ಲ, ಅದರ ಬಣ್ಣನ ಒಬ್ಬರಿಗೊಬ್ಬರು ಕೂಗಿ ಹೇಳ್ಬೇಕು. ಜಪಾನಿನ ರೈಲ್ವೆಯಲ್ಲಿ ಬೆರಳು ತೋರಿಸಿ ಬಾಯಲ್ಲೂ ಹೇಳೋ ಪದ್ಧತಿ ಇದೆ, 1994ರಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿದಾಗ ಒಂದು ಸರಳ ಕೆಲಸದಲ್ಲಿ ತಪ್ಪುಗಳು ಸುಮಾರು 85% ಕಮ್ಮಿ ಆದ್ವು. ಬಾಯಿಗೂ ಕೈಗೂ ಕೆಲಸ ಕೊಟ್ರೆ ಮನಸ್ಸು ಸದ್ದಿಲ್ಲದೆ ಜಾರ್ಕೊಳೋದು ಕಷ್ಟ.

ನೀವು ಒಬ್ರೇ ಕೂತು ಓದೋರು, ಹಾಗಾಗಿ ನಿಮ್ಮನ್ನ ತಡೆಯೋದು ಪ್ರಶ್ನೆಗಳೇ ಆಗ್ಬೇಕು. ಉದಾಹರಣೆಗೆ 243-ಡಿ. ಓದೋಕೆ ಮುಂಚೆನೇ ಒಂದು ಚೀಟಿಯಲ್ಲಿ ಬರ್ಕೊಳ್ಳಿ: ಮಹಿಳೆಯರಿಗೆ ಕನಿಷ್ಠ ಎಷ್ಟು ಸೀಟು? ಅಧ್ಯಕ್ಷ ಸ್ಥಾನಕ್ಕೂ ಇದ್ಯಾ? ಎಸ್‌ಸಿ, ಎಸ್‌ಟಿ ಸೀಟು ಯಾವ ಲೆಕ್ಕದಲ್ಲಿ? ಅಷ್ಟೇ ವಿಧಿ ಓದಿ, ಪುಸ್ತಕ ಮಗುಚಿ ಹಾಕಿ, ಬಾಯಿಬಿಟ್ಟು ಉತ್ತರ ಹೇಳಿ. ಮೂರನೇ ಒಂದು ಭಾಗಕ್ಕೆ ಕಮ್ಮಿ ಇಲ್ದಂಗೆ ಅಂತ ಬಂದ್ರೆ ಸರಿ, ನಮ್ಮ ಕರ್ನಾಟಕದಲ್ಲಿ ಅದು 50% ಅನ್ನೋದನ್ನೂ ಪಕ್ಕದಲ್ಲಿ ಬರ್ಕೊಳ್ಳಿ. ಬರಲಿಲ್ಲ ಅಂದ್ರೆ ಮನಸ್ಸು ಹೋಗಿತ್ತು ಅಂತ ಅರ್ಥ, ಆದರೆ ಹೋಗಿದ್ದು ಒಂದೇ ವಿಧಿಗೆ ಗೊತ್ತಾಯ್ತು, ಇನ್ನೊಮ್ಮೆ ಓದಿದ್ರೆ ಆಯ್ತು. 2013ರಲ್ಲಿ ಕಾರ್ಲ್ ಸ್ಪುನಾರ್ ಮತ್ತಿತರರು ಇದನ್ನ ವಿಡಿಯೋ ಪಾಠದಲ್ಲಿ ನೋಡಿದ್ರು, 21 ನಿಮಿಷದ ಸ್ಟ್ಯಾಟಿಸ್ಟಿಕ್ಸ್ ಪಾಠವನ್ನ ನಾಲ್ಕು ತುಂಡು ಮಾಡಿ ಪ್ರತಿ ತುಂಡಾದ್ಮೇಲೆ ಸಣ್ಣ ಟೆಸ್ಟ್ ಕೊಟ್ಟ ಗುಂಪಲ್ಲಿ ಮನಸ್ಸು ಅಲೆಯೋದು ಬರೀ ಪಾಠ ನೋಡಿದವರಿಗಿಂತ ಸುಮಾರು ಅರ್ಧಕ್ಕಿಳೀತು, ನೋಟ್ಸ್ ಬರೆಯೋದು ಜಾಸ್ತಿ ಆಯ್ತು. ಒಂದೇ ಕೂತಲ್ಲಿ 243-ಓ ತನಕ ಮುಗಿಸೋ ಹಠ ದಯವಿಟ್ಟು ಬಿಡಿ, ಅದೇ ನಿಮಗೆ ಅಡ್ಡ ಬರ್ತಿರೋದು ಅನ್ಸುತ್ತೆ ನನಗೆ.

ಮೊಬೈಲ್ ಬೀರುವಲ್ಲೇ ಇರ್ಲಿ. ನಿದ್ದೆ ಮಾತ್ರ ಆರೇಳು ಗಂಟೆಗಾದ್ರೂ ತನ್ನಿ, ನಾಲ್ಕು ಗಂಟೆ ನಿದ್ದೆ ಮಾಡಿ ಎದ್ದ ತಲೆ ಜಾರ್ತಾನೇ ಇರುತ್ತೆ, ಯಾವ ಉಪಾಯನೂ ಅದರ ಮುಂದೆ ನಡೆಯಲ್ಲ.

ಇನ್ನೊಂದು, ಪತ್ರದ ಮೂರನೇ ಪುಟದಲ್ಲಿ ತಮ್ಮನ ಕಾಲೇಜ್ ಫೀಸಿನ ವಿಷಯ ಬರೆದು ಹೊಡೆದುಹಾಕಿದ್ದೀರ. ಮನಸ್ಸು ಹೋಗೋದು ಅಲ್ಲಿಗೇ ಇರ್ಬೇಕು. ಅರ್ಧಕ್ಕೆ ನಿಂತ ವಿಷಯ ತಲೆಯಲ್ಲಿ ಮತ್ತೆ ಮತ್ತೆ ಏಳುತ್ತೆ. 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನೋ ಮನೋವಿಜ್ಞಾನಿಗಳು ತೋರಿಸಿದ್ದು ಏನಂದ್ರೆ, ಆ ಕೆಲಸ ಮುಗೀಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡ್ತೀವಿ ಅಂತ ಖಚಿತವಾಗಿ ಯೋಜನೆ ಹಾಕ್ಕೊಂಡ್ರೂ ಅದರ ಕಾಟ ಇಳಿಯುತ್ತೆ. ಹಾಗಾಗಿ ಓದೋ ಮೇಜಿನ ಮೇಲೆ ಒಂದು ಹಾಳೆ ಇಟ್ಕೊಳ್ಳಿ, ಫೀಸು ನೆನಪಾದ್ರೆ "ಶನಿವಾರ ಚಿಕ್ಕಪ್ಪಂಗೆ ಫೋನ್, ಸ್ಕಾಲರ್‌ಶಿಪ್ ಅರ್ಜಿ ಕೇಳೋದು" ಅಂತ ದಿನ ಸಮೇತ ಬರೆದು ವಾಪಸ್ ಬನ್ನಿ.

ಎಡಿಎಚ್‌ಡಿ ಬಗ್ಗೆ: ಅದು ನಿಜವಾದ ತೊಂದರೆ, ಹಗುರ ಮಾಡ್ಬಾರ್ದು, ಆದರೆ ರೀಲ್ಸ್ ನೋಡಿ ತೀರ್ಮಾನ ಮಾಡೋ ವಿಷಯನೂ ಅಲ್ಲ. ಹನ್ನೆರಡು ವರ್ಷಕ್ಕೂ ಮುಂಚಿನಿಂದ ಲಕ್ಷಣ ಇದ್ದವಾ, ಓದಲ್ಲಿ ಮಾತ್ರ ಅಲ್ದೆ ಮನೆಯಲ್ಲಿ, ಬೇರೆ ಕೆಲಸದಲ್ಲೂ ಇದೆಯಾ ಅಂತ ಡಾಕ್ಟ್ರು ಕೇಳ್ತಾರೆ. ಹೌದು ಅನ್ಸಿದ್ರೆ ಅಥವಾ ಬೇಜಾರು ಕೈಮೀರ್ತಿದೆ ಅನ್ಸಿದ್ರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನ ನೋಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನೀವು ಬರೆದಿರೋದ್ರಲ್ಲಿ ಪಿಯುಸಿ ತನಕ ಚೆನ್ನಾಗೇ ಓದ್ತಿದ್ದೆ ಅಂತ ಇದೆ, ಅದನ್ನೂ ಅವರಿಗೆ ಹೇಳಿ.

ರೊಟ್ಟಿ ತಟ್ಟೋ ಹೊತ್ತಿನ ಅಲೆದಾಟ ತಪ್ಪಲ್ಲ. ಹಾರ್ವರ್ಡ್ ಅಧ್ಯಯನದಲ್ಲಿ ಮನಸ್ಸು ಅಲೆಯುವಾಗ ಜನ ಕಮ್ಮಿ ಖುಷಿಯಲ್ಲಿದ್ರು ಅಂತ ಬಂದಿದ್ದು ನಿಜ, ಆದರೆ ಸಿಹಿ ವಿಷಯಕ್ಕೆ ಹೋದಾಗ ಖುಷಿ ಕಮ್ಮಿ ಆಗಿರಲಿಲ್ಲ. ಕೈಗೆ ಅಭ್ಯಾಸ ಆಗಿರೋ ಕೆಲಸದಲ್ಲಿ ಮನಸ್ಸು ಹೆಚ್ಚಾಗಿ ಹೋಗೋದು ಮುಂದೆ ಆಗ್ಬೇಕಾದ್ದರ ಕಡೆಗೆ, ನಾಳೆಯ ಲೆಕ್ಕಾಚಾರ ನಡೆಯೋದೇ ಅಲ್ಲಿ. ಆ ಹೊತ್ತೂ ದಂಡ ಆಗ್ಬಾರ್ದು ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕರೆಂಟ್ ಅಫೇರ್ಸ್ ಕೇಳ್ತಿದೀನಿ ಅಂದಿದ್ದೀರಲ್ಲ, ಒಂದು ವಾರ ಅದನ್ನ ನಿಲ್ಸಿ ನೋಡಿ, ಓದೋಕೆ ಕೂತಾಗ ಏನಾದ್ರೂ ವ್ಯತ್ಯಾಸ ಆಯ್ತಾ ಅಂತ ನಮಗೆ ಬರೀರಿ.