ಪ್ರಿಮೊ ಕಾರ್ನೆರಾ ನಿಜವಾದ ಚಾಂಪಿಯನ್ನೋ, ಗ್ಯಾಂಗ್‌ಸ್ಟರ್‌ಗಳು ಮಾಡಿಟ್ಟ ಚಾಂಪಿಯನ್ನೋ?

ಇಟಲಿಯ ಬಾಕ್ಸರ್ ಕಾರ್ನೆರಾ 1933ರಲ್ಲಿ ಗೆದ್ದ ವಿಶ್ವ ಹೆವಿವೇಟ್ ಬಾಕ್ಸಿಂಗ್ ಪಟ್ಟ ಅಸಲಿಯೋ ನಕಲಿಯೋ ಅಂತ ಕೇಳಿದ್ದೀರಿ. ಆರಂಭದ ಗೆಲುವುಗಳಲ್ಲಿ ಎಷ್ಟೋ ಮೊದಲೇ ಮಾತಾಡಿಕೊಂಡು ಆಡಿದವು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮನುಷ್ಯ ನಕಲಿಯಲ್ಲ.

ಹುಟ್ಟಿದ್ದು 1906ರಲ್ಲಿ, ಉತ್ತರ ಇಟಲಿಯ ಸೆಕ್ವಾಲ್ಸ್‌ನಲ್ಲಿ, ಬಡವರ ಮನೆಯಲ್ಲಿ. ಹೊಟ್ಟೆಪಾಡಿಗೆ ಫ್ರಾನ್ಸಿಗೆ ಹೋಗಿ ಸರ್ಕಸ್ ಸೇರಿದ. ಹತ್ತಿರ ಹತ್ತಿರ ಆರೂವರೆ ಅಡಿ ಎತ್ತರ, 120 ಕಿಲೋ ತೂಕ. ಮ್ಯಾನೇಜರ್ ಲಿಯೋನ್ ಸೇ 1928ರಲ್ಲಿ ಅವನನ್ನು ಪ್ಯಾರಿಸ್‌ನಲ್ಲಿ ರಿಂಗಿಗೆ ಇಳಿಸಿದ. ಅನೇಕ ಪಂದ್ಯ ಫಿಕ್ಸ್ ಆಗಿದ್ದವು ಅಂತ ಮುಂದೆ ಒಪ್ಪಿಕೊಂಡವನೂ ಇದೇ ಸೇ. 1930ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಓನಿ ಮ್ಯಾಡನ್‌ನಂಥ ಗ್ಯಾಂಗ್‌ಸ್ಟರ್‌ಗಳ ಹಿಡಿತಕ್ಕೆ ಸಿಕ್ಕ. ಅದೇ ವರ್ಷ ಓಕ್ಲ್ಯಾಂಡ್‌ನಲ್ಲಿ ಎದುರಾಳಿ ಬಾಂಬೊ ಶೆವಲಿಯೆ ಚೆನ್ನಾಗಿಯೇ ಆಡುತ್ತಿದ್ದಾಗ, ಶೆವಲಿಯೆ ಕಡೆಯವರೇ ಟವೆಲ್ ಎಸೆದು ಸೋಲೊಪ್ಪಿದರು. ಅದು ದೊಡ್ಡ ಗಲಾಟೆಯಾಯಿತು.

ಆ ಕಳಂಕ ಕೊನೆಯವರೆಗೂ ಬಿಡಲಿಲ್ಲ. 1933ರ ಫೆಬ್ರವರಿಯಲ್ಲಿ ಎದುರಾಳಿ ಅರ್ನಿ ಶಾಫ್ 13ನೇ ಸುತ್ತಿನಲ್ಲಿ ಕುಸಿದು ಬಿದ್ದಾಗ ಜನ ಮೋಸ, ಮೋಸ ಅಂತ ಕೂಗಿದರು. ನಾಲ್ಕು ದಿನಕ್ಕೆ ಶಾಫ್ ತೀರಿಕೊಂಡ. ಹಿಂದಿನ ವರ್ಷ ಇನ್ನೊಬ್ಬ ಬಾಕ್ಸರ್ ಮ್ಯಾಕ್ಸ್ ಬೇರ್ ಕೊಟ್ಟ ಏಟು, ಮಿದುಳಿನ ಸೋಂಕು, ಹೀಗೆ ಕಾರಣ ಹಲವು ಹೇಳುತ್ತಾರೆ. ಆದರೆ ಒಬ್ಬ ಸಾಯುತ್ತಿರುವಾಗಲೂ ಜನ ನಂಬಲಿಲ್ಲ ಅಂದರೆ ಅನುಮಾನ ಎಷ್ಟು ಆಳಕ್ಕೆ ಇಳಿದಿತ್ತು ನೋಡಿ.

ಅದೇ 1933ರ ಜೂನ್ 29ರಂದು ಕಾರ್ನೆರಾ ಆರನೇ ಸುತ್ತಿನಲ್ಲಿ ಆಗಿನ ಚಾಂಪಿಯನ್ ಜ್ಯಾಕ್ ಶಾರ್ಕಿಯನ್ನು ಕೆಡವಿ ಪಟ್ಟ ಗೆದ್ದ. ಬೇಕಂತಲೇ ಸೋಲಲಿಲ್ಲ ಅಂತ ಶಾರ್ಕಿ ಹೇಳುತ್ತಲೇ ಬಂದ. ಆ ಜಗಳ ಮುಗಿಯುವಂಥದ್ದಲ್ಲ, ಬಿಡಿ. ಮುಸೊಲಿನಿ ಸರ್ಕಾರ ಮಾತ್ರ ಈ ಗೆಲುವನ್ನು ತನ್ನ ಪ್ರಚಾರಕ್ಕೆ ಚೆನ್ನಾಗಿ ಬಳಸಿಕೊಂಡಿತು.

ನನ್ನನ್ನು ಒಪ್ಪಿಸಿದ್ದು ಅವನು ಸೋತ ಪಂದ್ಯ. 1934ರ ಜೂನ್‌ನಲ್ಲಿ ಬೇರ್ ಅವನನ್ನು ಮೊದಲ ಸುತ್ತಿನಿಂದಲೇ ಕೆಡವತೊಡಗಿದ. ಒಟ್ಟು 11 ಸಲ ಬಿದ್ದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸುಮ್ನೆ ಮಲಗಿಬಿಟ್ಟಿದ್ದರೆ ಅಷ್ಟು ಏಟು ತಪ್ಪುತ್ತಿತ್ತು ಅಲ್ವಾ? ಆದರೆ ಪ್ರತಿ ಸಲ ಎದ್ದ. 11ನೇ ಸುತ್ತಿನಲ್ಲಿ ರೆಫ್ರಿಯೇ ನಿಲ್ಲಿಸಬೇಕಾಯಿತು. ಮರುವರ್ಷ ಜೋ ಲೂಯಿಸ್ ಕೂಡ ಹಾಗೇ ಬಡಿದ. ಹಣ ತಿಂದವರು ಆಗ ಏಟು ತಿನ್ನಲು ಬರಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಅಷ್ಟು ದುಡಿದರೂ ಅವನ ಕೈಯಲ್ಲಿ ಉಳಿದದ್ದು ತೀರಾ ಕಡಿಮೆ. 1938ರಲ್ಲಿ ಒಂದು ಕಿಡ್ನಿ ತೆಗೆಸಬೇಕಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಅಮೆರಿಕಕ್ಕೆ ಹೋಗಿ, 1946ರಿಂದ ಕುಸ್ತಿ ಆಡಿದ. ಅಲ್ಲಿ ಜನ ಅವನನ್ನು ಇಷ್ಟಪಟ್ಟು ಬಂದರು, ಬದುಕು ಮತ್ತೆ ಕಟ್ಟಿಕೊಳ್ಳುವಷ್ಟು ದುಡ್ಡೂ ಕೈಗೆ ಬಂತು.

ಒಂದೇ ಪಂದ್ಯದ ಫಿಲಂ ನೋಡುವುದಾದರೆ ಶಾರ್ಕಿಯದ್ದು ಬೇಡ, ಬೇರ್ ಪಂದ್ಯ ನೋಡಿ.